ಎರಡು ಸುತ್ತು ದಾರ

ನಮ್ಮ ಮನೆಯ ಪಡಸಾಲೆಯಲ್ಲಿ, ಟಿವಿಯ ಮೇಲಿರುವ ಕಿಟಕಿಗೆ ಪರದೆ ಇಲ್ಲ. ಪರದೆಯ ಕೋಲು ಕೂರಬೇಕಾದ ಎರಡು ಕೊಕ್ಕೆಗಳ ಮೇಲೆ ಈಗ ಒಂದು ಹೊಗೆಸೊಪ್ಪಿನ ಕಡ್ಡಿ ಮಲಗಿದೆ. ಕಡ್ಡಿ ಅಂದರೆ ಬೆಂಕಿಕಡ್ಡಿ ಅಂದುಕೊಳ್ಳಬೇಡಿ. ಬಿದಿರಿನ ಗಳ, ಹೆಚ್ಚುಕಡಿಮೆ ನನ್ನಷ್ಟೇ ಉದ್ದ, ನನಗಿಂತ ನೆಟ್ಟಗಿದೆ. ಅದಕ್ಕೆ ದಾರದಲ್ಲಿ ಕಟ್ಟಿದ ಸೊಪ್ಪಿನ ಕುಚ್ಚುಗಳು ತಲೆಕೆಳಗಾಗಿ ಜೋತಾಡುತ್ತವೆ. ಎರಡು ಮೂರು ದಿನಕ್ಕೊಮ್ಮೆ ಒಂದು ಎಲೆ ಟಿವಿಯ ಮೇಲೋ, ಟಿವಿ ನೋಡುವವರ ಮೇಲೋ ಉದುರುತ್ತದೆ.

"ಅತ್ತೆ, ನಿಮ್ ತೋರಣ ಇವತ್ತೂ ಉದುರೈತೆ," ಅನ್ನುತ್ತಾಳೆ ಸೊಸೆ ಶೋಭ.

"ಉದುರ್ಲಿ ಬುಡು, ನಾನೇ ಗುಡಿಸ್ತೀನಿ."

ಗುಡಿಸುವವಳೂ ನಾನೇ. ಆದರೆ ಪೊರಕೆ ಹಿಡಿಯುವ ಮುಂಚೆ ತಲೆಯೆತ್ತಿ, ಇದು ಯಾವ ಕುಚ್ಚಿನಿಂದ ಬಿತ್ತು ಅಂತ ನೋಡುತ್ತೇನೆ. ಮುದುಕಿಗೆ ಅದೊಂದು ಚಟ ಹತ್ತಿದೆ ಅಂತ ಶೋಭ ತವರಿಗೆ ಫೋನ್ ಮಾಡಿ ಹೇಳಿದ್ದಾಳೆ. ಹೇಳಲಿ. ಅವಳ ಗಂಡನಿಗೆ, ಅಂದರೆ ನನ್ನ ಮಗ ಮಹೇಶನಿಗೆ, ಆ ಕಡ್ಡಿ ಬೇಕಂತೆ. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಕಡ್ಡಿ ಸಾಲುತ್ತಿಲ್ಲವಂತೆ. ನಾನು ಕೊಟ್ಟಿಲ್ಲ.

ಇದನ್ನೆಲ್ಲ ನಾನು ಫೋನಿನಲ್ಲಿ ಒತ್ತುತ್ತಿದ್ದೇನೆ. ಒತ್ತುವುದನ್ನು ಕಲಿತು ಮೂರು ತಿಂಗಳಾಯಿತು. ಕಲಿಸಿದವಳು ಮೊಮ್ಮಗಳು ಸಿಂಚನ. ಅವಳು ಎರಡೂ ಕೈಯ ಹೆಬ್ಬೆರಳಲ್ಲಿ ಜೋಳ ಹುರಿದ ಹಾಗೆ ಪಟಪಟ ಒತ್ತುತ್ತಾಳೆ. ಫೋನಿಗೆ ಎಡಗೈ ಆದರೂ ಸರಿ, ಬಲಗೈ ಆದರೂ ಸರಿ, ಭೇದವಿಲ್ಲ. ನಾನು ಮಾತ್ರ ಬಲಗೈ ತೋರುಬೆರಳೊಂದನ್ನೇ ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ಕುತ್ತೇನೆ. ನಾನು ಒಂದು ಅಕ್ಷರ ಕುಕ್ಕಿದರೆ ಫೋನು ತಾನೇ ಮುಂದಿನ ಮೂರು ಪದ ಹೇಳಿಕೊಡುತ್ತದೆ. ನನ್ನ ಬಾಯಿಂದ ಏನು ಬರುತ್ತದೆ ಅಂತ ನನಗೇ ಗೊತ್ತಿಲ್ಲದಾಗ ಅದಕ್ಕೆ ಹೇಗೆ ಗೊತ್ತೋ!

ಸಿಂಚನ ಮೈಸೂರಿನಲ್ಲಿ ಓದುತ್ತಾಳೆ. ಓದು ಅಂದರೆ ಸಿನಿಮಾ ತೆಗೆಯುವ ಓದು. ಹುಣಸೂರಿನ ಬಸ್ಸು ಹತ್ತಿ ದಿನಾ ಹೋಗಿ ಬರುತ್ತಾಳೆ. ಕೊನೆಯ ವರ್ಷಕ್ಕೆ ಹುಡುಗಿಯರು ನಾಲ್ಕು ಜನ ಸೇರಿ ಹದಿನೈದು ನಿಮಿಷದ ಒಂದು ಸಿನಿಮಾ ಮಾಡಬೇಕಂತೆ. ಹೊಗೆಸೊಪ್ಪಿನ ಹೆಂಗಸರ ಮೇಲೆ ಮಾಡುತ್ತೇವೆ ಅಂತ ಒಪ್ಪಿಸಿಕೊಂಡು ಬಂದವಳು, ಒಂದು ಉದ್ದದ ನೋಟ್‌ಬುಕ್ಕು ಹಿಡಿದು ನನ್ನ ಮುಂದೆ ಕೂತಳು.

"ಅಜ್ಜಿ, ಶೂಟಿಂಗ್‌ಗೆ ಮುಂಚೆ ರಿಸರ್ಚ್ ಮಾಡ್ಬೇಕು."

"ಅಂಗಂದ್ರೇನವ್ವ?"

"ಗೊತ್ತಿರೋರ ಹತ್ರ ಕೂತ್ಕೊಂಡು ಎಲ್ಲಾನೂ ಕೇಳೋದು. ಬರ್ಕೊಳ್ಳೋದು."

"ಅದನ್ನ ನಾವು ಕಾಡುಅರಟೆ ಅಂತಿದ್ವಿ. ನಿಮ್ ಕಾಲೇಜ್ನೋರು ಅದ್ಕೂ ಮಾರ್ಕ್ಸ್ ಕೊಡ್ತಾರಾ?"

ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದು ಮೂರು ಕಾಲಂ ಮಾಡಿದ್ದಳು. ಏನು ಗೊತ್ತಾಯಿತು, ಯಾರು ಹೇಳಿದರು, ಇನ್ನೊಬ್ಬರು ಯಾರು ಹೇಳಿದರು. ಅವಳ ಮೇಡಂದು ಒಂದು ಕಟ್ಟುನಿಟ್ಟು: ಯಾವ ಸಂಗತಿಯನ್ನೇ ಆಗಲಿ ಕಂಡವರು ಇಬ್ಬರು ಹೇಳಬೇಕು. ಒಬ್ಬರೇ ಹೇಳಿದ್ದಾದರೆ ಕೆಂಪು ಗೆರೆ ಎಳೆದು ಬಿಡಬೇಕು.

ಇಂಥ ನಿಯಮ ಇದೆ ಅಂತ ನನಗೆ ಮೊದಲೇ ಗೊತ್ತಿದ್ದರೆ ಸ್ವಲ್ಪ ಹದ್ದುಬಸ್ತಿನಲ್ಲಿ ಇರುತ್ತಿದ್ದೆ. ಗೊತ್ತಿರಲಿಲ್ಲ. ಮೊದಲ ದಿನವೇ ನಾಲ್ಕೂ ಹುಡುಗಿಯರನ್ನು ಕೂರಿಸಿಕೊಂಡು, ಹಿಂದಿನ ಕಾಲದಲ್ಲಿ ಸೊಪ್ಪು ಹಳದಿ ಬಣ್ಣಕ್ಕೆ ತಿರುಗಲಿ ಅಂತ ಬ್ಯಾರನ್ನಿನ ಬಾಗಿಲಲ್ಲಿ ಕೂತು ಹಾಡುತ್ತಿದ್ದೆವು ಅಂತ ಹೇಳಿಬಿಟ್ಟೆ. ಹುಡುಗಿಯರ ಕಣ್ಣು ಅರಳಿತು. ಹಾಡಿ ಅಂದರು. ಹಾಡಿದೆ. ಆವತ್ತು ಬೆಳಗ್ಗೆ ಶೋಭ ಅಂಗಡಿಗೆ ಬರೆದುಕೊಟ್ಟ ಚೀಟಿಯಲ್ಲಿ ಇದ್ದಿದ್ದನ್ನೇ, ಕಡಲೆಬೇಳೆ, ಸೋಪಿನ ಪುಡಿ, ಕೊಬ್ಬರಿ, ಎಲ್ಲಕ್ಕೂ ಸೋಬಾನೆಯ ರಾಗ ಹಚ್ಚಿ, ನಡುನಡುವೆ "ಬಂಗಾರವಾಗೇ ಸೊಪ್ಪೇ" ಅಂತ ಸೇರಿಸಿದೆ. ಕ್ಯಾಮರಾ ಹಿಡಿಯುವ ರಕ್ಷಿತಾ ಅನ್ನುವ ಹುಡುಗಿ ಕಣ್ಣಲ್ಲಿ ನೀರು ಹಾಕಿಕೊಂಡಳು. ಒಳಗೆ ಶೋಭ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಎರಡನೆಯವರು ಯಾರೂ ಆ ಹಾಡು ಕೇಳಿರಲಿಲ್ಲವಾಗಿ, ಮೇಡಂ ಕೆಂಪು ಗೆರೆ ಎಳೆದರು. ಆ ಹುಡುಗಿಯರಿಗೆ ನಾನು ಎಂಥವಳು ಅಂತ ಆವತ್ತೇ ಗೊತ್ತಾಯಿತು. ಅದರ ಫಲ ಆಮೇಲೆ ಉಂಡೆ.

ನಾನು ಹುಟ್ಟಿದ್ದು ಹೊಗೆಸೊಪ್ಪಿನ ಸೀಮೆಯಲ್ಲಿ ಅಲ್ಲ. ಕೆ.ಆರ್. ನಗರದ ಆಚೆ, ಸಾಲಿಗ್ರಾಮದ ಹತ್ತಿರ, ಕಾವೇರಿ ನಾಲೆಯ ಬಯಲು. ಕಾಲಿಟ್ಟರೆ ಕೆಸರು, ಕೈಯಿಟ್ಟರೆ ಭತ್ತ. ನಮ್ಮಪ್ಪನ ಗದ್ದೆಯ ಬದುವಿನಲ್ಲಿ ಏಡಿ ಹಿಡಿಯುತ್ತಾ ಬೆಳೆದವಳು. ನಮ್ಮವ್ವ ಏಡಿ ಸಾರು ಮಾಡಿದ ದಿನ ನಮ್ಮಪ್ಪ ದೇವರ ಮನೆಯ ಬಾಗಿಲು ಮುಚ್ಚಿ ಬಂದು, ದೇವರಿಗೆ ಕಾಣದ ಹಾಗೆ ಎರಡು ಸಲ ಬಡಿಸಿಕೊಳ್ಳುತ್ತಿದ್ದ. ಆ ಸಾರಿನ ಮಾತು ಇಲ್ಲಿಗೆ ಯಾಕೆ ಬಂತೋ ಗೊತ್ತಿಲ್ಲ. ಬಂತು, ಇರಲಿ. ಆ ಬೆರಳಿಗೆ ರುಚಿ ಇತ್ತು ಅಂತ ಹೇಳುವುದಕ್ಕಿರಬೇಕು.

ಮದುವೆಯಾಗಿ ಗಾವಡಗೆರೆ ಕಡೆಯ ಈ ಊರಿಗೆ ಬಂದ ಮೇಲೆ ಬೆರಳಿನ ರುಚಿ ಹೋಯಿತು. ಹಸಿ ಹೊಗೆಸೊಪ್ಪು ಮುಟ್ಟಿದರೆ ಕೈಗೆ ಅಂಟು ಹಿಡಿಯುತ್ತದೆ. ಸಾಯಂಕಾಲದ ಹೊತ್ತಿಗೆ ಕಪ್ಪಾಗಿ, ದಪ್ಪವಾಗಿ, ಕೈಗೆ ಇನ್ನೊಂದು ಚರ್ಮ ಬೆಳೆದ ಹಾಗಾಗುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಕಹಿ ಬಿಡುವುದಿಲ್ಲ. ಮುದ್ದೆ ಮುರಿದು ಬಾಯಿಗಿಟ್ಟರೆ ಮುದ್ದೆಯೂ ಕಹಿ. ಹೊಸದರಲ್ಲಿ ನಾನು ಉಣ್ಣುವಾಗ ಅಳುತ್ತಿದ್ದೆ. ಅತ್ತೆ, ಸೊಸೆಗೆ ತವರಿನ ನೆನಪು ಅಂದುಕೊಂಡಿದ್ದರು. ನನಗೆ ಬಂದಿದ್ದು ಏಡಿ ಸಾರಿನ ನೆನಪು.

ಆಗ ನಮಗೆ ಸ್ವಂತ ಬ್ಯಾರನ್ ಇರಲಿಲ್ಲ. ಊರಿನ ದೊಡ್ಡಮನೆಯವರ ಬ್ಯಾರನ್ನಿಗೆ ಕೂಲಿಗೆ ಹೋಗುತ್ತಿದ್ದೆ. ನೋಡದವರಿಗೆ ಹೇಳಬೇಕೆಂದರೆ, ಬ್ಯಾರನ್ ಅಂದರೆ ಕಿಟಕಿಯಿಲ್ಲದ, ಎತ್ತರದ, ಒಂದೇ ಕೋಣೆ. ಒಳಗೆ ನೆಲದ ಮೇಲೆ ತಗಡಿನ ದಪ್ಪ ಪೈಪು ಸುತ್ತಿಕೊಂಡಿರುತ್ತದೆ. ಹೊರಗೆ ಒಲೆ. ಒಲೆಯ ಬೆಂಕಿಗೆ ಪೈಪು ಕಾದು, ಮೇಲೆ ಸಾಲುಸಾಲಾಗಿ ನೇತುಹಾಕಿದ ಸೊಪ್ಪು ಐದಾರು ದಿನದಲ್ಲಿ ಹದಕ್ಕೆ ಬರುತ್ತದೆ. ಸೊಪ್ಪನ್ನು ಕಡ್ಡಿಗೆ ಕಟ್ಟುವುದು ಹೆಂಗಸರ ಕೆಲಸ. ಮೂರು ಎಲೆ ಸೇರಿಸಿ, ತೊಟ್ಟಿಗೆ ಎರಡು ಸುತ್ತು ದಾರ ಸುತ್ತಿ ಎಳೆದು, ಮುಂದಿನ ಮೂರು ಎಲೆ. ಎರಡು ಸುತ್ತು. ಯಾಕೆಂದರೆ ಸೊಪ್ಪು ಒಣಗುತ್ತಾ ತೊಟ್ಟು ಸಣ್ಣಗಾಗುತ್ತದೆ. ಒಂದೇ ಸುತ್ತು ಇದ್ದರೆ ಆ ಹೊತ್ತಿಗೆ ಜಾರುತ್ತದೆ. ಜಾರಿ ಎಲ್ಲಿಗೆ ಬೀಳುತ್ತದೆ? ಕೆಂಪಗೆ ಕಾದ ಪೈಪಿನ ಮೇಲೆ.

ಇದನ್ನು ನನಗೆ ಕಲಿಸಿದವಳು ಸಣ್ಣಮ್ಮ. ನನಗಿಂತ ಮೂರು ವರ್ಷ ಚಿಕ್ಕವಳು, ಎಡಚಿ. ಉಳಿದ ಹೆಂಗಸರು ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅವಳು ಎದುರಿಗೆ ಕೂತಳು. ಅವಳ ಎಡಗೈ ಹೇಗೆ ಹೋಗುತ್ತದೋ ನನ್ನ ಬಲಗೈ ಹಾಗೇ ಹೋದರೆ ಸಾಕು, ಕನ್ನಡಿ ನೋಡಿ ತಲೆ ಬಾಚಿಕೊಂಡ ಹಾಗೆ. ಒಂದೇ ಬೆಳಗ್ಗೆ ಕಲಿತೆ.

"ಅಕ್ಕ, ಎಲ್ರೂ ನನ್ನ ಎಡಚಿ ಅಂತ ಆಡ್ಕತಾರೆ. ನಿಂಗೆ ಉಪಯೋಗಕ್ಕೆ ಬಂದೆ ನೋಡು," ಅಂದಿದ್ದಳು. ಆಮೇಲೆ ಒಂದು ಕಡ್ಡಿಯ ಈ ತುದಿಯಿಂದ ನಾನು, ಆ ತುದಿಯಿಂದ ಅವಳು. ಮಧ್ಯದಲ್ಲಿ ಕೈಗೆ ಕೈ ತಾಗಿದರೆ ಆ ಕಡ್ಡಿ ಮುಗಿಯಿತು. ಅವಳ ಗಂಟು ನೋಡಿದರೆ ಗೊತ್ತಾಗುತ್ತಿತ್ತು. ದಾರ ನಮ್ಮೆಲ್ಲರದಕ್ಕೆ ಉಲ್ಟಾ ಸುತ್ತಿರುತ್ತಿತ್ತು. ಬಿಚ್ಚಬೇಕಾದರೆ ಹಲ್ಲು ಬೇಕಾಗುತ್ತಿತ್ತು.

ಹುಡುಗಿಯರ ಸಿನಿಮಾಗೆ ಒಂದು ಕಥೆ ಬೇಕಾಗಿತ್ತು. ನಾನು ಇಷ್ಟು ವರ್ಷ ಮದುವೆ ಮನೆ, ತಿಥಿ ಮನೆ ಎಲ್ಲ ಕಡೆ ಹೇಳಿ ನಗಿಸಿದ ಕಥೆ ಒಂದಿತ್ತು. ಅದನ್ನೇ ಹೇಳಿದೆ. ದೊಡ್ಡಮನೆಯವರ ಬ್ಯಾರನ್ ಸುಟ್ಟುಹೋದ ಕಥೆ. ಹೇಗೆ ಎಡಚಿ ಸಣ್ಣಮ್ಮ ಸಡಿಲವಾಗಿ ಕಟ್ಟಿದ ಸೊಪ್ಪು ಪೈಪಿನ ಮೇಲೆ ಬಿತ್ತು, ಹೇಗೆ ನಡುಮಧ್ಯಾಹ್ನ ಹಂಚು ಪಟಾಕಿಯ ಹಾಗೆ ಸಿಡಿಯಿತು, ಹೇಗೆ ದೊಡ್ಡಮನೆ ಯಜಮಾನರು ಪಂಚೆ ಬಿಚ್ಚಿ ಬೆಂಕಿಗೆ ಬಡಿಯುತ್ತಾ ಚಡ್ಡಿಯಲ್ಲಿ ಓಡಾಡಿದರು. ಇಷ್ಟು ಹೇಳಿ, ಕೊನೆಗೆ ನನ್ನ ಎಡಗೈಯನ್ನು ವಕ್ರವಕ್ರವಾಗಿ ಆಡಿಸಿ ಸಣ್ಣಮ್ಮ ಕಟ್ಟುವ ಹಾಗೆ ತೋರಿಸುತ್ತಿದ್ದೆ. ಜನ ಬಿದ್ದುಬಿದ್ದು ನಗುತ್ತಿದ್ದರು. ಹುಡುಗಿಯರೂ ನಕ್ಕರು.

ಸಿಂಚನ ನಗಲಿಲ್ಲ. ಪೆನ್ನು ಕಚ್ಚಿಕೊಂಡು ಕೇಳಿದಳು: "ಆಮೇಲೆ ಅವ್ರು ಏನಾದ್ರು?"

"ಯಾರು? ಯಜಮಾನ್ರಾ? ಬೇರೆ ಪಂಚೆ ಉಟ್ಕೊಂಡ್ರು."

"ಅಲ್ಲ ಅಜ್ಜಿ. ಸಣ್ಣಮ್ಮ."

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಸತ್ತೋದ್ಲು ಕಣೇ," ಅಂದುಬಿಟ್ಟೆ. ಎಲ್ಲಿ ಅಂದಳು. ಎಚ್.ಡಿ. ಕೋಟೆ ಕಡೆ ಎಲ್ಲೋ ಅಂದೆ. ಸತ್ತವರನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ ಅಂತ ನನ್ನ ಲೆಕ್ಕ. ರಿಸರ್ಚಿನವರು ಹೋಗುತ್ತಾರೆ ಅಂತ ಗೊತ್ತಿರಲಿಲ್ಲ. ಎರಡನೆಯ ಸಾಕ್ಷಿ ಬೇಕಲ್ಲ, ಅವಳ ಮನೆಯವರಾದರೂ ಸಿಗಲಿ ಅಂತ ನಾಲ್ಕೂ ಜನ ಎರಡು ಸ್ಕೂಟರಿನಲ್ಲಿ ಕೋಟೆ ತಾಲ್ಲೂಕೆಲ್ಲ ಒಂದು ದಿನ ಪೂರ್ತಿ ಸುತ್ತಿ, ಬಿಸಿಲಿಗೆ ಕರಿಕಲಾಗಿ ಬಂದರು. ನಾನು ಅವರಿಗೆ ಮಜ್ಜಿಗೆ ಮಾಡಿಕೊಟ್ಟೆ. ಉಪ್ಪು ಜಾಸ್ತಿಯಾಯಿತು.

ಆ ರಾತ್ರಿಯ ಊಟಕ್ಕೆ ಕೂತಾಗ ಮಹೇಶ ತಟ್ಟೆಯಿಂದ ತಲೆಯೆತ್ತಿ ಅಂದ: "ಸಣ್ಣಮ್ಮತ್ತೆ ಯಾಕ್ ಸತ್ತೋಯ್ತಾಳೆ? ಪಿರಿಯಾಪಟ್ಣದ ಸಂತೇಲಿ ಓದ್ ತಿಂಗ್ಳು ಅವ್ಳ ಮಗ್ಳು ಮಾದೇವಿ ಸಿಕ್ಕಿದ್ಲು ಕಣವ್ವ. ನಿನ್ನ ಕೇಳಿದ್ಲು ಅಂತ ಏಳ್ಲಿಲ್ವ ನಾನು? ನಂಬ್ರೂ ಐತೆ."

ಹೇಳಿದ್ದ. ನಾನು ಕೇಳಿಸಿಕೊಳ್ಳದ ಹಾಗೆ ಎದ್ದು ಹೋಗಿದ್ದೆ. ಸಿಂಚನ ನನ್ನ ಮುಖವನ್ನೇ ನೋಡಿದಳು. ನಾನು ಉಪ್ಪಿನಕಾಯಿ ನೋಡಿದೆ.

ಇಲ್ಲಿಯವರೆಗೆ ನಗಿಸುತ್ತಾ ಬಂದೆ. ಇನ್ನು ಆಗುವುದಿಲ್ಲ. ಫೋನಿನ ಮುಂದೆ ಸುಳ್ಳು ಹೇಳುವುದು ಕಷ್ಟ; ಕುಕ್ಕಿದ ಅಕ್ಷರ ಅಲ್ಲೇ ನಿಂತು ನನ್ನನ್ನೇ ನೋಡುತ್ತಿರುತ್ತದೆ.

ಆ ವರ್ಷ ಹುಣಸೂರಿಗೆ ಟೆಂಟು ಸಿನಿಮಾ ಬಂದಿತ್ತು. ಕೊನೆಯ ದಿನ. ನನ್ನ ಗಂಡ, ಎತ್ತಿನ ಗಾಡಿ ಹೊರಡುತ್ತದೆ, ಸಂಜೆಗೆ ಮುಂಚೆ ಬಂದರೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದರು. ನನ್ನ ಪಾಲಿನ ಸೊಪ್ಪು ಇನ್ನೂ ಗುಡ್ಡೆ ಬಿದ್ದಿತ್ತು. ಮಧ್ಯಾಹ್ನದ ಮೇಲೆ ಒಂದೇ ಸುತ್ತು ಹಾಕಿ ಕಟ್ಟತೊಡಗಿದೆ. ಹತ್ತೋ ಹನ್ನೆರಡೋ ಕಡ್ಡಿ. ಕೈ ಎಷ್ಟು ಬೇಗ ಓಡುತ್ತದೆ ಅಂತ ನನಗೇ ಖುಷಿ. ಸಣ್ಣಮ್ಮ, ನನ್ನ ಬಾಯಲ್ಲಿ ಸಣ್ಣಿ, ಆವತ್ತು ಬೇರೆ ಗುಡ್ಡೆಗೆ ಕೂತಿದ್ದಳು, ನೋಡಲಿಲ್ಲ. ಆದರೂ ಸ್ವಲ್ಪ ಸೊಪ್ಪು ಉಳಿಯಿತು.

"ನೀನೋಗಕ್ಕ, ಉಳ್ದಿದ್ದ ನಾನ್ ಕಟ್ತೀನಿ. ಕತೆ ಮಾತ್ರ ಬಂದು ಪೂರ್ತಿ ಏಳ್ಬೇಕು," ಅಂದಳು.

ನಾನು ಓಡಿದೆ. ಮೊಗ್ಗಿನ ಅಂಚಿನ ನನ್ನ ಒಳ್ಳೆ ಸೀರೆ ಉಟ್ಟುಕೊಂಡು ಗಾಡಿ ಹತ್ತಿದೆ. ಆ ಸಿನಿಮಾದ ಹೆಸರು ಈಗ ನೆನಪಿಲ್ಲ. ನಾಯಕಿಯ ಮೂಗುಬೊಟ್ಟು ದೊಡ್ಡದಿತ್ತು, ಅಷ್ಟೇ ನೆನಪು. ಸಣ್ಣಿ ಒಬ್ಬಳೇ ಕತ್ತಲಾಗುವ ತನಕ ಕೂತು ನನ್ನ ಪಾಲು ಮುಗಿಸಿದಳು. ನನ್ನ ಕಡ್ಡಿ, ಅವಳ ಕಡ್ಡಿ ಎಲ್ಲ ಸೇರಿ ಕೆಳಗಿನ ಸಾಲಿಗೆ, ಪೈಪಿಗೆ ಹತ್ತಿರವಾಗಿ ಹೋದವು. ಐದನೆಯ ದಿನ ಮಧ್ಯಾಹ್ನ ಬ್ಯಾರನ್ ಹೊತ್ತಿಕೊಂಡಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ವರ್ಷದ ಬೆಳೆ ಹೋಯಿತು, ಗೋಡೆ ಮಾತ್ರ ಉಳಿಯಿತು.

"ಕೊನೇಲಿ ಕಟ್ಟಿದ್ಯಾರು?" ಅಂತ ಯಜಮಾನರು ಕೇಳಿದರು.

"ಎಡಚಿ," ಅಂದಿತು ಇಡೀ ಗುಂಪು. ನಾನು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಎಡಗೈಯಲ್ಲಿ ಕಟ್ಟಿದ್ದು ನಿಲ್ಲುತ್ತದಾ ಅಂದರು ಒಬ್ಬರು. ಒಲೆಗೆ ಪೂಜೆ ಮಾಡಿದ ಜಾಗದಲ್ಲಿ ಎಡಗೈ ಆಡಬಾರದು ಅಂದರು ಇನ್ನೊಬ್ಬರು. ಮುಂದಿನ ವಾರದಿಂದ ನಮ್ಮೂರಲ್ಲಿ ಅವಳನ್ನು ಸೊಪ್ಪು ಮುಟ್ಟಲು ಬಿಡಲಿಲ್ಲ. ಆಮೇಲೆ ಪಕ್ಕದ ಊರಲ್ಲೂ ಬಿಡಲಿಲ್ಲ. ಅವಳ ಗಂಡ ಹೆಂಡತಿಯನ್ನು ಕರೆದುಕೊಂಡು ಕೊಡಗಿನ ಅಂಚಿಗೆ, ಕಾಫಿ ತೋಟದ ಕೂಲಿಗೆ ಹೊರಟ. ಹೊರಡುವ ದಿನ ನಾನು ಹೋಗಿ, ಆ ಮೊಗ್ಗಿನ ಅಂಚಿನ ಸೀರೆಯನ್ನು ಅವಳ ಕೈಗೆ ತುರುಕಿ ಬಂದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ನನಗೆ ಆಗುತ್ತಿರಲಿಲ್ಲ.

ಸುಟ್ಟ ಎಲೆ ನನ್ನದೇ ಅಂತ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು. ದಾರ, ಕಡ್ಡಿ ಎಲ್ಲ ಬೂದಿಯಾಗಿತ್ತು, ನಿಜ. ಆದರೆ ಅವಳ ಗಂಟು ಬಿಚ್ಚಲು ಹಲ್ಲು ಬೇಕಾಗುತ್ತಿತ್ತು ಅಂತ ಆಗಲೇ ಹೇಳಿದೆನಲ್ಲ.

ನಲವತ್ತು ವರ್ಷ ದಾಟಿದೆ. ಕಥೆಯನ್ನು ಮೊದಲ ಸಲ ನಗುವ ಹಾಗೆ ಹೇಳಿದಾಗ ಬಾಗಿಲ ಕಡೆ ನೋಡಿಕೊಂಡು ಹೇಳಿದ್ದೆ. ಜನ ನಕ್ಕರು. ಎರಡನೆಯ ಸಲ ಸಲೀಸಾಯಿತು. ಆಮೇಲೆ ಅದೇ ಕಥೆಯಾಯಿತು.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ಕೊಡಗಿನ ಗಡಿಯ ಹತ್ತಿರದ ಆ ಊರಿಗೆ ಸಿಂಚನ, ರಕ್ಷಿತಾ, ನಾನು ಹೋದೆವು. ನಾನು ಬರುವುದಿಲ್ಲ ಅಂದಿದ್ದೆ. ಮಂಡಿ ನೋವು ಅಂದಿದ್ದೆ. ಸಿಂಚನ ಮುಲಾಮು ತಂದುಕೊಟ್ಟಳು. ಸಿನಿಮಾದಲ್ಲಿ ತೋರಿಸಲು ಒಂದು ಕಡ್ಡಿ, ದಾರದ ಉಂಡೆ, ನಮ್ಮ ಹೊಲದಿಂದ ಮುರಿದ ಒಂದು ಕಟ್ಟು ಹಸಿ ಸೊಪ್ಪು ನಮ್ಮ ಜೊತೆಯಲ್ಲಿ ಬಂದವು. ಬಸ್ಸಿನಲ್ಲಿ ಆ ಕಡ್ಡಿ ಮೂರು ಜನರ ತಲೆಗೆ ಬಡಿಯಿತು. ಬೇರೆ ದಿನವಾಗಿದ್ದರೆ ನಾನು ನಾಲ್ಕನೆಯವರಿಗೆ ಬೇಕಂತಲೇ ಬಡಿಸುತ್ತಿದ್ದೆ.

ಶೀಟು ಹೊದಿಸಿದ ಸಣ್ಣ ಮನೆ. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಣಗಿದ ಸೌತೆಬೀಜದಷ್ಟಾಗಿ ಸಣ್ಣಿ ಕೂತಿದ್ದಳು.

"ಅಕ್ಕ! ನಿನ್ ನಡಿಗೆ ನೋಡ್ದೇಟ್ಗೆ ಗೊತ್ತಾಯ್ತು. ಬಾತುಕೋಳಿ ನಡ್ದಂಗೆ ನಡಿತೀಯ ಇನ್ನೂವೆ!"

"ನೀನು ಬದ್ಕಿದ್ದೀಯಲ್ಲಮ್ಮಿ," ಅಂದೆ. ಬಾಯಿಗೆ ಬಂದದ್ದು ಅದೇ.

"ಇನ್ನೇನು ಸಾಯ್ಬೇಕಿತ್ತಾ?" ಅಂತ ನಕ್ಕಳು. ಸಿಂಚನ ನಗಲಿಲ್ಲ.

ಮಗಳು ಮಾದೇವಿ ಕಾಫಿ ತಂದಳು. ಸಣ್ಣಿ ಲೋಟ ತೆಗೆದು ನನಗೆ ಕೊಟ್ಟಳು. ಬಲಗೈಯಲ್ಲಿ. ಕೈ ನಡುಗಿ ಕಾಫಿ ಚೆಲ್ಲಿತು. ಎಡಗೈ ಮಡಿಲಲ್ಲಿ, ಸೆರಗಿನ ಒಳಗೆ ಇತ್ತು. ಲಕ್ವ ಹೊಡೆದಿದೆಯೇನೋ ಅಂದುಕೊಂಡೆ.

ರಕ್ಷಿತಾ ಕ್ಯಾಮರಾ ನಿಲ್ಲಿಸಿದಳು. ಸಿಂಚನ ಮೆತ್ತಗೆ ಕೇಳಿದಳು: "ಅಜ್ಜಿ, ಆ ಬ್ಯಾರನ್ ಸುಟ್ಟಿದ್ದು ನಿಮಗೆ ನೆನಪಿದೆಯಾ?"

"ಅದನ್ನ ಎಂಗೆ ಮರ್ಯಾದು ಮಗ? ನಂದೇ ತಪ್ಪು." ಒಂದು ಸಲವೂ ತಡವರಿಸದೆ ಹೇಳಿದಳು. "ಕತ್ಲಾಗ್ತಾ ಇತ್ತು. ಯಾವ್ದೋ ಒಂದ್ಕೆ ಎರಡ್ನೇ ಸುತ್ತು ಆಕಾದು ಬುಟ್ಟಿರ್ಬೇಕು. ಎಷ್ಟ್ ಸಲ ಯೋಚ್ನೆ ಮಾಡಿವ್ನಿ, ಯಾವ್ ಕಡ್ಡಿ ಅಂತ ಮಾತ್ರ ನೆಪ್ಪಾಗಾಕಿಲ್ಲ. ಎಡಗೈ ನೋಡು, ಅದ್ರ ಬುದ್ದಿ ಅದು. ಊರಲ್ಲಿ ಎಲ್ರೂ ಬೋದ್ರು. ಅಕ್ಕ ಒಬ್ಳೇ ಒಂದ್ ಮಾತೂ ಅನ್ನಲಿಲ್ಲ. ಓಗುವಾಗ ಬಂದು ಅವ್ಳ ಒಳ್ಳೆ ಸೀರೆ ಕೊಟ್ಲು."

ಮಾದೇವಿ ಬಾಗಿಲಿಗೆ ಒರಗಿ ನಗುತ್ತಾ ಸೇರಿಸಿದಳು: "ಆ ಸೀರೆ ಅಂಚು ಇವತ್ತೂ ಐತೆ ದೊಡ್ಡವ್ವ. ನಾನೂ ಎಡಚಿನೇ ಅಲ್ವಾ? ಉಣ್ಣಾಕ್ ಕೂತಾಗ್ಲೆಲ್ಲ ಆ ಅಂಚಲ್ಲಿ ನನ್ ಎಡಗೈನ ಬೆನ್ನಿಗೆ ಕಟ್ಟಾಕೋಳು. ಬರಿಯಾಕೂ ಬುಡ್ತಿರ್ಲಿಲ್ಲ. ಸ್ಲೇಟ್ ತುಂಬ ಸೊಟ್ಟಂಬಟ್ಟೆ. ಮೇಷ್ಟ್ರ ಒಡ್ತ ತಡೀನಾರ್ದೆ ನಾಕ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೆ."

"ಮೆತ್ತಗಿತ್ತು ಆ ಅಂಚು. ಅವ್ಳಿಗೆ ನೋಯ್ತಿರ್ಲಿಲ್ಲ," ಅಂದಳು ಸಣ್ಣಿ.

ನಾನು ಸಿಂಚನಳಿಗೆ ಕ್ಯಾಮರಾ ಆರಿಸಲು ಹೇಳಿದೆ. ಯಾಕೆ ಅಂದಳು. ಆರಿಸು ಅಂದೆ. ಅವಳು ರಕ್ಷಿತಾಳ ಕಡೆ ನೋಡಿದಳು. ಕೆಂಪು ದೀಪ ಆರಿತು.

"ಸಣ್ಣಿ, ಅದು ನೀನಲ್ಲ. ನಾನು. ಸಿನಿಮಾಕ್ಕೆ ಒತ್ತಾಯ್ತು ಅಂತ ಮದ್ಯಾನದಿಂದ ಒಂದೇ ಸುತ್ತು ಆಕಿ ಕಟ್ದೆ. ಹತ್ ಹನ್ನೆರ್ಡು ಕಡ್ಡಿ. ಅವೂ ಕೆಳಗ್ನ ಸಾಲ್ಗೇ ಓದೋ. ಗೊತ್ತಿದ್ದೂ ಸುಮ್ನಿದ್ದೆ."

ಇಷ್ಟನ್ನು ಹೇಳಲು ನಲವತ್ತು ವರ್ಷ ಬೇಕಾಯಿತು. ಹೇಳಿ ಮುಗಿಸಲು ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಸಣ್ಣಿ ನನ್ನ ಮುಖವನ್ನೇ ನೋಡಿದಳು. ಬೈಯಲಿ, ಉಗಿಯಲಿ, ಎದ್ದು ಒಳಗೆ ಹೋಗಲಿ ಅಂತ ಕಾದೆ. ಅವಳು ಬಲಗೈ ಚಾಚಿ ನನ್ನ ಮಂಡಿ ತಟ್ಟಿದಳು.

"ಬುಡಕ್ಕ. ನನ್ ಸಮಾದಾನಕ್ಕೆ ಅಂತ ಏಳ್ತೀಯ ನೀನು. ಆಗ್ಲೂ ಅಂಗೆ, ಈಗ್ಲೂ ಅಂಗೆ. ಮೊದ್ಲಿಂದ್ಲೂ ನಿಂಗೆ ನನ್ ಕಂಡ್ರೆ ಕರುಳು."

"ಅಯ್ಯೋ, ನಿಜ ಕಣಮ್ಮಿ!"

"ಕತೆ ಕಟ್ಟಾದು ನಿಂಗ್ ಒಸ್ದಾ?"

ನನಗೆ ರೇಗಿತು. ತಪ್ಪೊಪ್ಪಿಕೊಳ್ಳಲು ಬಂದವಳಿಗೆ ರೇಗಬಾರದು, ಆದರೂ ರೇಗಿತು. ಕಡ್ಡಿಯನ್ನು ಎರಡು ಕುರ್ಚಿಗಳ ಮೇಲೆ ಅಡ್ಡ ಇಟ್ಟು, ಸೊಪ್ಪಿನ ಕಟ್ಟು ಬಿಚ್ಚಿ, ಆವತ್ತು ಕಟ್ಟಿದ ಹಾಗೆಯೇ ಕಟ್ಟತೊಡಗಿದೆ. ಮೂರು ಎಲೆ, ಒಂದು ಸುತ್ತು. ಮೂರು ಎಲೆ, ಒಂದು ಸುತ್ತು. "ನೋಡು, ಇಂಗೆ ಕಟ್ದೆ. ಇಂಗೆ!" ಎಂಟು ಕುಚ್ಚು ಕಟ್ಟಿದೆ. ಹಸಿ ಸೊಪ್ಪಿನ ವಾಸನೆ ಜಗಲಿಯ ತುಂಬ ಹರಡಿತು. ಸಣ್ಣಿಯ ಮೂಗು ಅರಳಿತು. ಕುರ್ಚಿ ಎಳೆದುಕೊಂಡು ಎದುರಿಗೆ ಬಂದಳು. ಆ ತುದಿಯ ಮೊದಲ ಕುಚ್ಚನ್ನು ಬೆರಳಲ್ಲಿ ಅಲ್ಲಾಡಿಸಿದಳು.

"ಇಂಗ್ ಬುಟ್ರೆ ಉದುರೋಯ್ತದಲ್ಲಕ್ಕ. ನಾನ್ ನಿಂಗೆ ಅವತ್ತೇ ಏಳ್ಕೊಟ್ಟಿರ್ಲಿಲ್ವಾ?"

ಹೀಗೆ ಗೊಣಗುತ್ತಾ ಸೆರಗಿನ ಒಳಗಿಂದ ಎಡಗೈ ಹೊರಗೆ ಬಂತು. ಲಕ್ವವೂ ಇರಲಿಲ್ಲ, ಏನೂ ಇರಲಿಲ್ಲ. ದಾರ ಎತ್ತಿಕೊಂಡಿತು, ಉಲ್ಟಾ ಕಡೆಯಿಂದ ಎರಡನೆಯ ಸುತ್ತು ಹಾಕಿತು, ಎಳೆಯಿತು. ಕಾಫಿ ಲೋಟ ಹಿಡಿಯಲಾಗದೆ ಬಲಗೈ ನಡುಗಿತ್ತಲ್ಲ, ಈ ಕೈ ನಡುಗಲಿಲ್ಲ. ಒಂದು ಕುಚ್ಚು, ಎರಡು, ಮೂರು. ಕೈ ತನ್ನ ಪಾಡಿಗೆ ತಾನು ಮಧ್ಯದ ಕಡೆ, ನನ್ನ ಕೈಯ ಕಡೆ ಬರುತ್ತಿತ್ತು.

ನಾಲ್ಕನೆಯ ಕುಚ್ಚಿಗೆ ಬಂದಾಗ ಸಣ್ಣಿಗೆ ತಾನೇನು ಮಾಡುತ್ತಿದ್ದೇನೆ ಅಂತ ಕಂಡಿತು. "ಥೂ, ಇದ್ರ!" ಅಂದವಳೇ ಬಲಗೈಯಿಂದ ಎಡಗೈಯ ಮೇಲೆ ಪಟ್ ಅಂತ ಹೊಡೆದಳು. ಮಗುವಿಗೆ ಹೊಡೆದ ಹಾಗೆ. ಕೈ ಸೆರಗಿನ ಒಳಗೆ ಹೋಯಿತು.

ಕ್ಯಾಮರಾ ಆರಿಯೇ ಇತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸಿಂಚನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹುಣಸೂರು ಹತ್ತಿರ ಬಂದ ಮೇಲೆ ಒಂದೇ ಮಾತು ಕೇಳಿದಳು: "ಅಜ್ಜಿ, ಸತ್ತೋದ್ಲು ಅಂದ್ಯಲ್ಲ, ಅದು ಹೇಗೆ ಬಂತು ನಿನ್ ಬಾಯಿಗೆ?" ನಾನು ಕಡ್ಡಿಯ ಕುಚ್ಚುಗಳನ್ನು ಸರಿ ಮಾಡುತ್ತಾ ಕೂತೆ.

ಮಾರನೆಯ ದಿನ ನಾನೇ ಕ್ಯಾಮರಾ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಪೌಡರ್ ಕೂಡ ಹಾಕಿಕೊಳ್ಳಲಿಲ್ಲ. ಅದನ್ನು ಗುಂಪಿನ ಉಳಿದ ಇಬ್ಬರು ಹುಡುಗಿಯರು ನೋಡಿ, "ಅಜ್ಜಿ, ಸೂಪರ್ ಆಕ್ಟಿಂಗ್! ಸೊಪ್ಪಿನ ಹಾಡಿಗಿಂತ ಚೆನ್ನಾಗಿದೆ," ಅಂದರು. ಸಿಂಚನ ಅವರಿಗೆ ಬೈದಳು. ಆದರೆ ಅವಳ ನೋಟ್‌ಬುಕ್ಕು ನಾನು ನೋಡಿದೆ. 'ಸಣ್ಣಮ್ಮ ಸಡಿಲವಾಗಿ ಕಟ್ಟಿದ್ದು' ಅನ್ನುವುದರ ಮುಂದೆ ಎರಡು ಹೆಸರಿವೆ. ಯಾರು ಹೇಳಿದರು: ಅಜ್ಜಿ. ಇನ್ನೊಬ್ಬರು ಯಾರು ಹೇಳಿದರು: ಸಣ್ಣಮ್ಮ. ಅದರ ಕೆಳಗೆ 'ಅಜ್ಜಿ ಸಡಿಲವಾಗಿ ಕಟ್ಟಿದ್ದು' ಅಂತ ಬರೆದಿದ್ದಾಳೆ. ಯಾರು ಹೇಳಿದರು: ಅಜ್ಜಿ. ಅದರ ಪಕ್ಕದ ಕಾಲಂ ಖಾಲಿ. ಸುಳ್ಳಿಗೆ ಇಬ್ಬರಿದ್ದೇವೆ. ನಿಜಕ್ಕೆ ನಾನೊಬ್ಬಳೇ, ಅದೂ ಅಂಗಡಿ ಚೀಟಿಗೆ ರಾಗ ಹಚ್ಚಿದವಳು. ಅವಳ ಮೇಡಂ ಮಾಡಿದ ನಿಯಮ ತಪ್ಪು ಅಂತ ಹೇಗೆ ಹೇಳಲಿ? ಒಳ್ಳೆಯ ನಿಯಮವೇ. ಮುಂದಿನ ತಿಂಗಳು ಸಿನಿಮಾ ಒಪ್ಪಿಸಬೇಕು. ಸಿಂಚನ ಆ ಖಾಲಿ ಜಾಗವನ್ನು ನೋಡುತ್ತಾ ಕೂತಿರುತ್ತಾಳೆ. ಕೆಂಪು ಗೆರೆ ಎಳೆದಿಲ್ಲ, ಅಷ್ಟೇ.

ಅದಕ್ಕೇ ಆ ಕಡ್ಡಿಯನ್ನು ಕಿಟಕಿಗೆ ಹಾಕಿದ್ದು. ಸಣ್ಣಿಯ ಜಗಲಿಯಲ್ಲಿ ಕಟ್ಟಿದ ಎಂಟು ಕುಚ್ಚು ಹಾಗೇ ಇದ್ದವು. ಒಲೆಯ ಶಾಖ ಇಲ್ಲದಿದ್ದರೂ ಕಿಟಕಿಯ ಬಿಸಿಲಿಗೆ ಸೊಪ್ಪು ತನ್ನ ಪಾಡಿಗೆ ಒಣಗಿತು, ಸುರುಟಿತು, ತೊಟ್ಟು ಸಣ್ಣಗಾಯಿತು. ಇವತ್ತು ಬೆಳಗ್ಗೆಯ ಹೊತ್ತಿಗೆ, ನಾನು ಒಂದೇ ಸುತ್ತು ಹಾಕಿದ ಐದರಲ್ಲಿ ನಾಲ್ಕು ಖಾಲಿಯಾಗಿವೆ. ಬರೀ ದಾರದ ಕುಣಿಕೆ ಬಾಯಿ ಬಿಟ್ಟುಕೊಂಡಿದೆ. ಸಣ್ಣಿಯ ಎಡಗೈ ಮುಟ್ಟಿದ ಮೂರರಲ್ಲಿ ಒಂದು ಎಲೆಯೂ ಬಿದ್ದಿಲ್ಲ.

ಕುರ್ಚಿ ಹತ್ತಿ ಫೋಟೋ ತೆಗೆದೆ. ಬೀಳ್ತೀರಾ ಅಂತ ಶೋಭ ಕೂಗಿಕೊಂಡಳು. ಮಾದೇವಿಯ ನಂಬರಿಗೆ ಕಳಿಸಿದೆ. ಕೆಳಗೆ ಕಾಲು ಗಂಟೆ ಕುಕ್ಕಿ, ಫೋನು ಹೇಳಿಕೊಟ್ಟ ಒಂದು ಪದವನ್ನೂ ಮುಟ್ಟದೆ ಬರೆದೆ: 'ಸಣ್ಣಿ ನೋಡು. ಬಿದ್ದಿರೋದೆಲ್ಲ ನಂದು. ನಿಂತಿರೋದು ನಿಂದು.'

ಮಧ್ಯಾಹ್ನ ಮಾದೇವಿಯ ದನಿ ಬಂತು. ಫೋನನ್ನು ಕಿವಿಗೆ ಒತ್ತಿ ಹಿಡಿದು ಮೂರು ಸಲ ಕೇಳಿದೆ.

"ದೊಡ್ಡವ್ವ, ಅವ್ವಂಗೆ ಪಟ ತೋರಿಸ್ದೆ. ನೀನ್ ಬರ್ದಿದ್ನೂ ಓದಿ ಏಳ್ದೆ. ದಪ್ಪ ಮಾಡಿ ತೋರ್ಸು ಅಂದ್ಲು, ದಪ್ಪ ಮಾಡ್ದೆ. ಒಂದೊಂದೇ ಗಂಟು ಬಾಳ ಒತ್ತು ನೋಡುದ್ಲು. ಆಮೇಲೆ, ಪಾಪ, ಅಕ್ಕನ ಕೈಗೆ ವಯಸ್ಸಾಯ್ತು ಅಂದ್ಲು."